ಆಶೀರ್ವಾದಕ್ಕೆ ಬಂದವರು

ಚುನಾವಣೆ ಘೋಷಣೆಯಾದ ಮರುವಾರವೇ ಕರಾವಳಿಯ ಚರ್ಚುಗಳಲ್ಲಿ ಭಕ್ತರ ಸಂಖ್ಯೆ ಏರುತ್ತದೆ. ಹೊಸ ಭಕ್ತರಿಗೆ ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂದು ತಿಳಿಯದಿದ್ದರೂ ಕ್ಯಾಮೆರಾ ಎಲ್ಲಿದೆಯೆಂದು ಚೆನ್ನಾಗಿ ತಿಳಿದಿರುತ್ತದೆ. ಪ್ರಾರ್ಥನಾ ಮಂದಿರದಲ್ಲಿ ಪ್ರಚಾರ ಕೂಡದೆನ್ನುತ್ತದೆ ನೀತಿ ಸಂಹಿತೆ. ಇವರು ಬಂದದ್ದು ಆಶೀರ್ವಾದಕ್ಕೆ; ಹೆಗಲ ಮೇಲಿನ ಪಕ್ಷದ ಶಾಲು ಚಳಿಗೆ. ಏಪ್ರಿಲ್ ತಿಂಗಳ ಮಂಗಳೂರಿನ ಚಳಿ ಗೊತ್ತಲ್ಲ!

ಕ್ರೈಸ್ತರ ಮತಗಳಿಗೆ ಪಕ್ಷಗಳಲ್ಲಿ ದರಪಟ್ಟಿಯೇ ಇದ್ದಂತಿದೆ: ಬಿಷಪರನ್ನು ಕಂಡರೆ ಸಗಟು, ಚರ್ಚಿನ ಒಂದೊಂದು ವಾರ್ಡಿನ ಮುಖಂಡರಾದ ಗುರಿಕಾರರನ್ನು ಕಂಡರೆ ಚಿಲ್ಲರೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಶೇ 1.87ರಷ್ಟಿರುವವರನ್ನು ಒಬ್ಬೊಬ್ಬರಾಗಿ ಮಾತನಾಡಿಸುವ ಪುರುಸೊತ್ತು ಯಾರಿಗಿದೆ? ಗಾಯನ ಮಂಡಳಿಯಲ್ಲಿ ಗಿಟಾರ್ ಹಿಡಿದ ಇಪ್ಪತ್ತೊಂದರ ಹುಡುಗಿಗೆ ಮಾತ್ರ ಒಂದು ತೊಂದರೆ. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂದು ಚಿಕ್ಕಂದಿನಲ್ಲಿ ಕಲಿಸಿದ್ದನ್ನು ಅವಳು ನಂಬಿಬಿಟ್ಟಿದ್ದಾಳೆ. ಅಭ್ಯರ್ಥಿಯನ್ನು ತಡೆದು ಪೌರಕಾರ್ಮಿಕರ ಸಂಬಳದ ಬಗ್ಗೆ ಕೇಳುತ್ತಾಳೆ. ಅವರು ಕೈಮುಗಿದು, ಚರ್ಚಿನ ಸ್ಮಶಾನಕ್ಕೆ ಆವರಣ ಗೋಡೆ ಕಟ್ಟಿಸಿಕೊಡುವುದಾಗಿ ಭರವಸೆ ನೀಡುತ್ತಾರೆ. ಬದುಕಿರುವವರ ವಿಷಯ ಎತ್ತಿದರೆ ಸತ್ತವರಿಗೆ ಅನುದಾನ!

"ರಾಜಕೀಯ ನಮಗೇಕೆ ಬಾಯೆ, ಜಪಸರ ಹಿಡಿ" ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಹೇಳುವವರು ಚರ್ಚಿನ ಪಾಲನಾ ಮಂಡಳಿಯ ಉಪಾಧ್ಯಕ್ಷಗಿರಿಗಾಗಿ ಸ್ವಂತ ಭಾವನೊಂದಿಗೆ ಮಾತು ಬಿಟ್ಟವರು.

2019ರಲ್ಲಿ ದಕ್ಷಿಣ ಕನ್ನಡದ ಮತದಾನ ಏಪ್ರಿಲ್ 18ಕ್ಕೆ ಬಿತ್ತು. ಅಂದು ಪವಿತ್ರ ಗುರುವಾರ, ಧರ್ಮಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವ ದಿನ. ತಿಂಗಳಿಡೀ ಮತದಾರರ ಕಾಲು ಹಿಡಿದವರು ಕೈಬಿಟ್ಟ ದಿನವೂ ಅದೇ.

ಹದಿನೆಂಟು ತುಂಬಿದ ಯುವಕ ಯಾರಿಗೂ ಹೇಳದೆ ಸರ್ಕಾರವನ್ನು ಆರಿಸಬಹುದು. ದೇವರನ್ನು ಬದಲಿಸುವುದಾದರೆ ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆಯ ಪ್ರಕಾರ ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ನಮೂನೆ ಸಲ್ಲಿಸಬೇಕು. ಅದನ್ನು ಸೂಚನಾ ಫಲಕಕ್ಕೆ ಅಂಟಿಸಿ ಆಕ್ಷೇಪಣೆ ಕರೆಯುತ್ತಾರೆ. ಐದು ವರ್ಷದ ಶಾಸಕನಿಗೆ ಗುಟ್ಟು, ಪರಲೋಕದ ದೇವರಿಗೆ ತಹಶೀಲ್ದಾರರ ಕಚೇರಿಯ ಗೋಡೆ. ಬಿಟ್ಟುಬಂದ ಧರ್ಮಕ್ಕೇ ಮರಳುವವರಿಗೆ ಮಾತ್ರ ಈ ರಗಳೆಯಿಲ್ಲ. ವಾಪಸು ಪ್ರಯಾಣಕ್ಕೆ ಟೋಲ್ ವಿನಾಯಿತಿ.

ಈ ಕಾಯ್ದೆಯನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ತೀರ್ಮಾನಿಸಿತು. ತೀರ್ಮಾನವೇನೋ ಆಯಿತು. ಮುಂದಿನದನ್ನು ಆ ಹುಡುಗಿ ಮುಂದಿನ ಅಭ್ಯರ್ಥಿಯ ಬಳಿ ಕೇಳಬಹುದು. ಸ್ಮಶಾನದ ಗೋಡೆ ಇನ್ನೆರಡು ಅಡಿ ಎತ್ತರವಾಗುತ್ತದೆ.