ಟಿಎನ್ ನಂಬರಿನ ಸ್ಕೂಟರು ಮತ್ತು ನನ್ನ ಪಿಎಚ್‌ಡಿ ಅರ್ಜಿ

ಅಕ್ಟೋಬರ್ ಬಂತೆಂದರೆ ನನ್ನ ಇನ್‌ಬಾಕ್ಸಿಗೆ ಎಸ್‌ಒಪಿ, ಅಂದರೆ ಏಕೆ ಓದಬೇಕೆಂದಿದ್ದೇವೆ ಅಂತ ಅರ್ಜಿಯ ಜೊತೆ ಬರೆಯುವ ಪತ್ರದ ಕರಡುಗಳು ಬರತೊಡಗುತ್ತವೆ. ಶಾಂತಿ ಅಧ್ಯಯನದಲ್ಲಿ ಪಿಎಚ್‌ಡಿ ಮಾಡಬೇಕೆಂದಿರುವ ಹುಡುಗ ಹುಡುಗಿಯರು ‘ಅಕ್ಕಾ, ಒಂದ್ಸಲ ನೋಡಿ’ ಅಂತ ಕಳಿಸುತ್ತಾರೆ. ಈ ವಾರ ಮೂರು ಬಂದವು. ಮೂರೂ ಬುದ್ಧ, ಗಾಂಧಿಯಿಂದ ಶುರುವಾಗಿ, ಕಾಶ್ಮೀರ, ಪ್ಯಾಲೆಸ್ತೀನ್ ಸುತ್ತಿ, ಜಗತ್ತಿಗೆ ಶಾಂತಿ ಎಷ್ಟು ಮುಖ್ಯ ಎಂಬಲ್ಲಿ ನಿಂತಿವೆ. ಬರೆದವರು ಯಾವ ಊರಿನವರು, ಏನನ್ನು ಕಣ್ಣಾರೆ ಕಂಡಿದ್ದಾರೆ ಅನ್ನುವುದು ಕೊನೆಯ ಸಾಲಿನವರೆಗೂ ತಿಳಿಯಲಿಲ್ಲ. ನನ್ನ ಮೊದಲ ಅರ್ಜಿಯೂ ಹೀಗೇ ಇತ್ತು. ಎಲ್ಲ ಕಡೆಯಿಂದಲೂ ವಾಪಸು ಬಂತು.

ಎರಡನೇ ಸಲ ಹಾಕುವ ಮುಂಚೆ ಎಂಎಯಲ್ಲಿ ಪಾಠ ಮಾಡಿದ ಮೇಡಂ ಒಬ್ಬರಿಗೆ ತೋರಿಸಿದೆ. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: ‘2016ರ ಸೆಪ್ಟೆಂಬರ್ 12ನೇ ತಾರೀಕು ನೀನೆಲ್ಲಿದ್ದೆ?’

ಬೆಂಗಳೂರಿನಲ್ಲಿದ್ದೆ, ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ತಮಿಳುನಾಡಿಗೆ ಕಾವೇರಿ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿ, ಬಸ್ಸುಗಳಿಗೆ ಬೆಂಕಿ ಬಿದ್ದ ದಿನ ಅದು. ಕೆಳಮನೆಯ ಅಂಕಲ್ ಹೊಸೂರಿನವರು. ಅವರ ಸ್ಕೂಟರು ಟಿಎನ್ ರಿಜಿಸ್ಟ್ರೇಷನ್ನಿನದು. ಬೆಳಿಗ್ಗೆಯೇ ನಂಬರ್ ಪ್ಲೇಟಿಗೆ ಗೋಣಿಚೀಲ ಸುತ್ತಿ ಹುರಿಯಿಂದ ಬಿಗಿದು ಕಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯ ಸ್ಟ್ಯಾಂಡಿನ ಆಟೋದವರು ಬೀದಿಯ ಬಾಯಿಗೆ ಎರಡು ಆಟೋ ಅಡ್ಡ ನಿಲ್ಲಿಸಿಕೊಂಡು ಸಂಜೆವರೆಗೂ ಅಲ್ಲೇ ಕೂತರು. ನಮ್ಮ ಬೀದಿಗೆ ಯಾರೂ ನುಗ್ಗಲಿಲ್ಲ. ಎರಡು ಬೀದಿ ಆಚೆ ಒಂದು ಲಾರಿ ಸುಟ್ಟು ಹೋಯಿತು.

ಅವತ್ತು ನಾನು ಇದೇ ಫೇಸ್‌ಬುಕ್ಕಿನಲ್ಲಿ ಒಂದು ಪೋಸ್ಟ್ ಹಾಕಿದ್ದೆ. ಮದ್ದೂರಿನ ಹತ್ತಿರದ ನಮ್ಮ ಗದ್ದೆ, ನಾಲೆಯ ಕೊನೇ ಭಾಗದಲ್ಲಿ ಒಣಗಿದ ಭತ್ತ, ಅಪ್ಪನ ಸಾಲ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಗೋಣಿಚೀಲದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಇದನ್ನು ಹೇಳಿದಾಗ ಮೇಡಂ ನನ್ನ ಕರಡನ್ನು ವಾಪಸು ಕೊಟ್ಟರು. ‘ನಾವು’ ಅಂತ ಬರೆದಿದ್ದ ಕಡೆಯಲ್ಲೆಲ್ಲ ಅಡಿಗೆರೆ ಎಳೆದಿದ್ದರು. ಎಲ್ಲ ಕಡೆ ‘ನಾವು’ ಏಟು ತಿಂದವರೇ. 1991ರ ಡಿಸೆಂಬರಿನಲ್ಲಿ, ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರಿನ ಮಧ್ಯಂತರ ತೀರ್ಪು ಕೊಟ್ಟ ವರ್ಷ, ಬೆಂಗಳೂರಿನ ತಮಿಳು ಕೂಲಿಕಾರರು ಮನೆಮಠ ಬಿಟ್ಟು ಓಡಿದ್ದು ನನ್ನ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ.

ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಈ ಓದಿಗೆ ಅರ್ಜಿ ಹಾಕುವವರು ತಾವು ಬದುಕಿದ ಒಂದು ಜಗಳದಿಂದ ಶುರು ಮಾಡಬೇಕು. ಆ ಜಗಳದಲ್ಲಿ ತಮ್ಮ ಕಡೆಯವರು ಮಾಡಿದ್ದನ್ನೂ ಅಷ್ಟೇ ಬಿಡಿಸಿ ಬರೆಯಬೇಕು. ಇದು ಊರಿಗೆ ದ್ರೋಹ ಅಂತ ಒಬ್ಬ ಹುಡುಗ ಹೋದ ವರ್ಷ ನನ್ನೊಡನೆ ವಾದ ಮಾಡಿದ. ನಾನು ಒಪ್ಪುವುದಿಲ್ಲ. ನಾನು ಕಾವೇರಿ ನೀರಲ್ಲೇ ಬೆಳೆದವಳು, ಮಂಡ್ಯದ ರೈತನ ಕಷ್ಟ ನನಗೆ ಪುಸ್ತಕದ ವಿಷಯ ಅಲ್ಲ.

ನಾನು ಶಾಂತಿ ಅಧ್ಯಯನ ಓದುತ್ತೇನೆ ಅಂತ ಮೊದಲು ಕೇಳಿದಾಗ ಅಪ್ಪ ಹೇಳಿದ್ದು, ‘ಅಲ್ಲ ಕಣವ್ವ, ನಾಲೇಲಿ ನೀರು ಬಂದ್ರೆ ಶಾಂತಿ ತಾನಾಗೇ ಬತ್ತದೆ. ಅದ್ಕೆ ಐದು ವರ್ಷ ಓದ್ಬೇಕಾ?’ ಅಪ್ಪ ಹೇಳಿದ್ದು ಈ ಶಾಸ್ತ್ರದ ಬುಡದಲ್ಲೇ ಇರುವ ಮಾತು. 1959ರಲ್ಲಿ ಓಸ್ಲೋದ ಶಾಂತಿ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಯೋಹಾನ್ ಗಾಲ್ಟುಂಗ್ 1969ರಲ್ಲಿ ಬರೆದದ್ದೂ ಹೆಚ್ಚುಕಮ್ಮಿ ಇದನ್ನೇ: ಹೊಡೆದಾಟ ನಿಂತರೆ ಅದು ಅರ್ಧ ಶಾಂತಿ, ಜನರನ್ನು ನಿಧಾನಕ್ಕೆ ಹಿಂಡುವ ವ್ಯವಸ್ಥೆ ಬದಲಾದರೆ ಮಾತ್ರ ಇನ್ನರ್ಧ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಗಡಿಯ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಎಲ್ಲ ಮುಗಿದಂತೆ ಕಂಡಿತು. ಮಳೆ ಕೈಕೊಟ್ಟ 2023ರ ಸೆಪ್ಟೆಂಬರಿನಲ್ಲಿ ಮೂರು ದಿನದ ಅಂತರದಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ಆದವು. ಬರಗಾಲದಲ್ಲಿ ಕಷ್ಟ ಹಂಚಿಕೊಳ್ಳುವುದು ಹೇಗೆ ಅನ್ನುವುದು ಇನ್ನೂ ಬಗೆಹರಿದಿಲ್ಲ. 2003ರಲ್ಲಿ ಎರಡೂ ರಾಜ್ಯದ ರೈತರು ಸೇರಿ ‘ಕಾವೇರಿ ಕುಟುಂಬ’ ಮಾಡಿಕೊಂಡು ಒಬ್ಬರ ಗದ್ದೆಯನ್ನು ಇನ್ನೊಬ್ಬರು ನೋಡಿ ಬಂದಿದ್ದರು. ಅದು ನಮ್ಮೂರಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಕೊನೆಗೆ ನನ್ನ ಅರ್ಜಿಯ ಪ್ರಶ್ನೆ ಆಟೋ ಸ್ಟ್ಯಾಂಡಿನಿಂದ ಬಂತು. ನಮ್ಮ ಬೀದಿ ಉಳಿದದ್ದು ಹೇಗೆ, ಎರಡು ಬೀದಿ ಆಚೆಯದು ಏಕೆ ಉಳಿಯಲಿಲ್ಲ? ಹಿಂದೂ ಮುಸ್ಲಿಂ ಗಲಭೆಗಳ ಬಗ್ಗೆ ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ ಕೇಳಿದ್ದು ಇಂಥದ್ದೇ ಪ್ರಶ್ನೆ. ಅವರು ಅಲಿಗಢದ ಪಕ್ಕ ಕೋಯಿಕ್ಕೋಡನ್ನು ಇಟ್ಟು ನೋಡಿದರು. ದಿನಾ ನಮಸ್ಕಾರ ಹೇಳಿಕೊಳ್ಳುವುದಷ್ಟೇ ನಗರವನ್ನು ಕಾಯುವುದಿಲ್ಲ, ಎರಡೂ ಕಡೆಯವರು ಸೇರಿ ನಡೆಸುವ ಸಂಘಗಳು ಕಾಯುತ್ತವೆ ಎಂದರು. ನಾನು ಸ್ಟ್ಯಾಂಡಿಗೆ ಹೋಗಿ ಕೇಳಿದೆ. ಅಲ್ಲಿನ ಅರ್ಧಕ್ಕರ್ಧ ಡ್ರೈವರುಗಳು ಕೆಳಮನೆಯ ಅಂಕಲ್ ನಡೆಸುವ ಚೀಟಿಯಲ್ಲಿದ್ದರು! ಹನ್ನೊಂದು ವರ್ಷದ ಚೀಟಿ, ಒಂದು ಕಂತೂ ತಪ್ಪಿರಲಿಲ್ಲ. ಅರ್ಜಿಯ ಜೊತೆ ಹದಿನೈದು ಪುಟದ ಬರಹದ ಮಾದರಿಯಾಗಿ ನಾನು ಕಳಿಸಿದ್ದು ಆ ಚೀಟಿಯ ಕತೆಯನ್ನೇ.

ಎಲ್ಲಿ ಹಾಕುವುದು ಅಂತ ಎಲ್ಲರೂ ಕೇಳುತ್ತೀರಿ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಕ್ರಾಕ್ ಸಂಸ್ಥೆಯಲ್ಲಿ ಶಾಂತಿ ಅಧ್ಯಯನದ ಜೊತೆಗೆ ಇತಿಹಾಸವೋ ಸಮಾಜಶಾಸ್ತ್ರವೋ ಇನ್ನೊಂದು ವಿಷಯವನ್ನೂ ಆರಿಸಿಕೊಳ್ಳಬೇಕು, ಆದ್ದರಿಂದ ಎರಡೂ ಕಡೆಯವರಿಗೆ ಅರ್ಥವಾಗುವ ಹಾಗೆ ಬರೆಯಿರಿ. ಸ್ವೀಡನ್ನಿನ ಉಪ್ಸಾಲಾದಲ್ಲಿ ಪಿಎಚ್‌ಡಿ ಅಂದರೆ ಸಂಬಳದ ಕೆಲಸ, ಜಾಹೀರಾತು ಬಂದಾಗ ಹಾಕಬೇಕು. ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯ 1973ರಲ್ಲೇ ಈ ವಿಷಯಕ್ಕೆ ವಿಭಾಗ ತೆರೆಯಿತು, ಅಲ್ಲಿ ಮಾರ್ಗದರ್ಶಕರು ಯಾರು ಅನ್ನುವುದೇ ಮುಖ್ಯ. ದೆಹಲಿಯ ಜಾಮಿಯಾ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ನೆಲ್ಸನ್ ಮಂಡೇಲಾ ಕೇಂದ್ರವಿದೆ. ಯುಜಿಸಿಯ ಎನ್‌ಇಟಿ (ನೆಟ್) ಪರೀಕ್ಷೆಯಲ್ಲಿ ಬೌದ್ಧ, ಜೈನ, ಗಾಂಧಿ ಮತ್ತು ಶಾಂತಿ ಅಧ್ಯಯನ ಎಂಬ ವಿಷಯವೇ ಇದೆ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಮನೆಯಿಂದ ಹಣ ತರಲಾಗದವರು ಇದನ್ನು ಕಡೆಗಣಿಸಬೇಡಿ. ಶಿಫಾರಸು ಪತ್ರಕ್ಕೆ ಎರಡು ತಿಂಗಳು ಮುಂಚೆ ಕೇಳಿ.

ಇನ್ನೊಂದು ಮಾತು. ಕನ್ನಡ ಬರುತ್ತದೆ ಅನ್ನುವುದನ್ನು ಸಿವಿಯ ಕೊನೆಯಲ್ಲಿ ಭಾಷೆಗಳ ಪಟ್ಟಿಗೆ ಸೇರಿಸಿ ಸುಮ್ಮನಾಗಬೇಡಿ. ಹೋರಾಟದ ಕರಪತ್ರ, ಹಳೇ ಪತ್ರಿಕೆ, ಪಂಚಾಯಿತಿ ಕಟ್ಟೆಯ ಮಾತು, ಇವನ್ನೆಲ್ಲ ನೇರವಾಗಿ ಓದಬಲ್ಲ, ಕೇಳಬಲ್ಲ ಸಂಶೋಧಕರು ನೀವು. ಅದನ್ನು ಅರ್ಜಿಯ ನಡುವೆ ತಂದು ಹೇಳಿ.

ಸಂದರ್ಶನದಲ್ಲಿ ನನಗೆ ಕೇಳಿದ ಮೊದಲ ಪ್ರಶ್ನೆ ಗಾಲ್ಟುಂಗ್ ಬಗ್ಗೆ ಅಲ್ಲ. ‘ಆ ಆಟೋದವರ ಹೆಸರು ಹೊರಗೆ ಬಂದರೆ ಅವರಿಗೆ ಏನಾಗಬಹುದು?’ ಅಂತ ಕೇಳಿದರು. ಮುಂದಿನ ಸಲ ನೀರಿನ ಗಲಾಟೆಯಾದರೆ ಅವರ ಗಾಡಿಗೇ ಮೊದಲು ಕಲ್ಲು ಬೀಳಬಹುದು ಅಂದೆ. ಹಾಗಾದರೆ ಏನು ಮಾಡುತ್ತೀ ಅಂದರು. ಹೆಸರು, ಬೀದಿ, ಸ್ಟ್ಯಾಂಡು ಯಾವುದನ್ನೂ ಬರೆಯುವುದಿಲ್ಲ, ಬರೆದದ್ದನ್ನು ಅಚ್ಚಿಗೆ ಹೋಗುವ ಮುಂಚೆ ಅವರಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ, ಬೇಡ ಅಂದರೆ ತೆಗೆಯುತ್ತೇನೆ ಅಂದೆ. ನಿಮ್ಮ ಕರಡಿನಲ್ಲೂ ಇದಕ್ಕೊಂದು ಉತ್ತರ ಇರಲಿ.

ಅಮೆರಿಕದ ಗಡುವುಗಳು ಹೆಚ್ಚಾಗಿ ಡಿಸೆಂಬರಿನಲ್ಲಿವೆ. ನವೆಂಬರ್ 10ರೊಳಗೆ ಕಳಿಸಿದರೆ ಪ್ರತಿಯೊಂದನ್ನೂ ಓದುತ್ತೇನೆ. ಮೊದಲ ಪ್ಯಾರಾದಲ್ಲಿ ಆ ದಿನ ನೀವೆಲ್ಲಿದ್ದಿರಿ ಅಂತ ಬರೆದು ಕಳಿಸಿ.