ಬಿಲ್ಲಿಗೊಂದು ಮೊಬೈಲ್ ನಂಬರ್

ಕಳೆದ ಡಿಸೆಂಬರಿನಲ್ಲಿ ರಜೆಗೆ ಬೆಂಗಳೂರಿಗೆ ಬಂದಿದ್ದಾಗ, ಅಕ್ಕನಿಗೊಂದು ಸೀರೆ ಕೊಡಿಸಲು ಜಯನಗರದ ಅಂಗಡಿಯೊಂದಕ್ಕೆ ಹೋಗಿದ್ದೆವು. ಬಿಲ್ ಹಾಕುವ ಹುಡುಗ ತಲೆಯೆತ್ತದೆ "ಮೊಬೈಲ್ ನಂಬರ್ ಹೇಳಿ ಸರ್" ಎಂದ. ಕೊಡುವುದಿಲ್ಲ ಎಂದೆ. "ನಂಬರ್ ಹಾಕದಿದ್ದರೆ ಬಿಲ್ಲೇ ಬರಲ್ಲ ಸರ್" ಎಂದು ಅವನು ಕೈಕಟ್ಟಿ ಕುಳಿತ. ಹಿಂದೆ ನಿಂತವರು ಜಗಳಗಂಟನನ್ನು ನೋಡುವಂತೆ ನನ್ನನ್ನು ನೋಡಿದರು. ಕೊನೆಗೆ ಭಾವ ಮುಂದೆ ಬಂದು, ತಮ್ಮ ಹತ್ತು ಅಂಕಿಗಳನ್ನು ಇಡೀ ಸಾಲಿಗೆ ಕೇಳುವಂತೆ ಹೇಳಿ, "ಆಸ್ತಿ ಬರೆದುಕೊಟ್ಟ ಹಾಗೆ ಆಡ್ತೀಯಲ್ಲೋ" ಎಂದರು.

ಎರಡೇ ದಿನದಲ್ಲಿ ಅದೇ ಅಂಗಡಿಯ ರೇಷ್ಮೆ ಸೀರೆಗಳು ಅವರ ಫೋನಿನಲ್ಲಿ ಸಾಲುಗಟ್ಟಿದವು. ಗಿರಾಕಿಗಳ ನಂಬರುಗಳ ಪಟ್ಟಿಯನ್ನು ಅಂಗಡಿಯವರು ಸಾಮಾಜಿಕ ಜಾಲತಾಣಕ್ಕೆ ಒಪ್ಪಿಸಿದರೆ, ಅದೇ ನಂಬರಿನಲ್ಲಿ ಖಾತೆ ತೆರೆದವರನ್ನು ಗುರುತಿಸಿ ಜಾಹೀರಾತು ತೋರಿಸುವ ಏರ್ಪಾಡು ಅಲ್ಲೇ ಇರುತ್ತದೆ ಎಂದು ವಿವರಿಸಿದೆ. ಭಾವ ಪೂರ್ತಿ ಕೇಳಿಸಿಕೊಂಡು, "ಈ ಬಣ್ಣ ನಿಮ್ಮಕ್ಕನಿಗೆ ಒಪ್ಪುತ್ತೆ ಅಲ್ವಾ?" ಎಂದು ಫೋನನ್ನು ನನ್ನತ್ತ ತಿರುಗಿಸಿದರು.

ನಾನಿರುವುದು ಮ್ಯೂನಿಕ್‌ನಲ್ಲಿ. ಜರ್ಮನಿಯವರು ಜನಗಣತಿಯ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಿ, ತನ್ನ ಮಾಹಿತಿ ಯಾರ ಕೈ ಸೇರಬೇಕೆಂದು ನಿರ್ಧರಿಸುವ ಹಕ್ಕು ವ್ಯಕ್ತಿಯದೇ ಎಂಬ ತೀರ್ಪನ್ನು 1983ರಲ್ಲೇ ಪಡೆದವರು. 2018ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣಾ ಕಾನೂನಿನ ಬಲದಿಂದ, ನನ್ನ ಬಗ್ಗೆ ಏನೇನು ಕೂಡಿಟ್ಟಿದ್ದೀರಿ ಎಂದು ಆನ್‌ಲೈನ್ ಅಂಗಡಿಯೊಂದಕ್ಕೆ ಒಮ್ಮೆ ಬರೆದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕೆಂಬುದು ನಿಯಮ. ಮೂರನೆಯ ವಾರಕ್ಕೆ ಉತ್ತರ ಬಂತು. ನಾನು ಬರೀ ನೋಡಿ ಬಿಟ್ಟ ಕಂದು ಬೂಟುಗಳು ಕೂಡ, ನೋಡಿದ ಗಂಟೆ ನಿಮಿಷಗಳ ಸಮೇತ, ಅದರಲ್ಲಿದ್ದವು. ಓದಿ ಬೆನ್ನು ತಣ್ಣಗಾಯಿತು, ನಿಜ. ಆದರೆ ಕೇಳಿದ್ದಕ್ಕೆ ಯಾರೂ ನನ್ನನ್ನು ಜಗಳಗಂಟನೆನ್ನಲಿಲ್ಲ.

ಊರಿನಲ್ಲಿ ಕಾನೂನಿಲ್ಲವೆಂದಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲೇ. ಮೊಬೈಲ್ ನಂಬರಿಗಾಗಿ ಗಿರಾಕಿಗಳನ್ನು ಅಂಗಡಿಯವರು ಒತ್ತಾಯಿಸಬಾರದೆಂದು ಕೇಂದ್ರ ಸರ್ಕಾರ 2023ರಲ್ಲೇ ಸೂಚಿಸಿದೆ. ಆ ಹುಡುಗನಿಗೆ ಅದು ತಲುಪಿರಲಿಲ್ಲ, ಸಾಲಿನಲ್ಲಿದ್ದವರಿಗೆ ಬೇಕಾಗಿರಲಿಲ್ಲ.

ಇಷ್ಟೆಲ್ಲ ಹೇಳುವ ನಾನು ಮೊನ್ನೆ ರಾತ್ರಿ ಬಿಸಿಬೇಳೆಬಾತಿನ ಪುಡಿಯ ಅಳತೆ ಹುಡುಕುತ್ತ, ಅಡುಗೆಯ ತಾಣವೊಂದರಲ್ಲಿ ‘ಎಲ್ಲಕ್ಕೂ ಒಪ್ಪಿಗೆ’ ಎಂಬ ಗುಂಡಿಯನ್ನು ಓದದೆಯೇ ಒತ್ತಿದೆ. ಆವತ್ತಿನಿಂದ ಎಲ್ಲಿ ಹೋದರೂ ಮಿಕ್ಸಿಯ ಜಾಹೀರಾತು. ಭಾವನಿಗೆ ಇನ್ನೂ ಹೇಳಿಲ್ಲ.