ನದಿ ಮುಚ್ಚಿದ್ದು ಸರಿ, ತೆರೆದದ್ದು ಬೇಗ

ನದಿಯ ಮೇಲೆ ಬಾಣಬಿರುಸು ಅಂದ ಕೂಡಲೇ ಒಂದು ಗೊಣಗಾಟ ಶುರುವಾಗುತ್ತದೆ. ಮದ್ದು ಹಾರೋದು ಆಕಾಶದಲ್ಲಿ, ನೀರು ಯಾಕೆ ಬಂದ್ ಮಾಡಬೇಕು? ಅರ್ಧ ಗಂಟೆಯ ತಮಾಷೆಗೆ ಸರಕು ಸಾಗಿಸುವವರು, ಫೆರಿಯವರು, ಮೀನು ಹಿಡಿಯುವವರು ಎಲ್ಲರೂ ಕಾಯಬೇಕಾ? ಕೇಳುವುದರಲ್ಲಿ ತಪ್ಪೇನಿಲ್ಲ. ದುಡಿಯುವವರ ಹೊತ್ತಿಗೂ ಬೆಲೆ ಇದೆ. ಆದರೂ ನಾನು ಮುಚ್ಚುವವರ ಪರ. ನನ್ನ ತಕರಾರು ಇರುವುದು ಅವರು ಮತ್ತೆ ತೆರೆಯುವ ರೀತಿಯ ಬಗ್ಗೆ.

ಮೊದಲು ಮುಚ್ಚುವ ಲೆಕ್ಕ ನೋಡೋಣ. ದೊಡ್ಡ ಪ್ರದರ್ಶನಗಳಲ್ಲಿ ನದಿಯ ನಡುವೆ ಬಾರ್ಜ್, ಅಂದರೆ ಚಪ್ಪಟೆ ತಳದ ಸರಕು ದೋಣಿ, ನಿಲ್ಲಿಸಿ, ಅದರ ಮೇಲೆ ಸಾಲಾಗಿ ಕೊಳವೆಗಳನ್ನು ಕಟ್ಟಿ, ಒಳಗೆ ಮದ್ದಿನ ಗುಂಡುಗಳನ್ನು ಇಳಿಸಿರುತ್ತಾರೆ. ವೈರು ಎಳೆದು, ಸ್ವಿಚ್ಚಿನಿಂದಲೋ ಕಂಪ್ಯೂಟರಿನಿಂದಲೋ ಹಾರಿಸುತ್ತಾರೆ. ಗುಂಡಿನ ಅಳತೆ ಇಂಚಿನಲ್ಲಿ. ಅಂದಾಜಿಗೆ ಇಂಚಿಗೆ 100 ಅಡಿ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ ಬಳಸುವ ಎನ್‌ಎಫ್‌ಪಿಎ 1123 ಎಂಬ ಮಾನದಂಡದ ಪ್ರಕಾರ ನೋಡುವವರು ಇಂಚಿಗೆ 70 ಅಡಿಯಂತೆ ದೂರ ಇರಬೇಕು. 3 ಇಂಚಿನ ಗುಂಡಿಗೆ 210 ಅಡಿ, 6 ಇಂಚಿಗೆ 420, 12 ಇಂಚಿಗೆ 840.

ಇದು ಒಂದು ಬದಿಯ ದೂರ ಮಾತ್ರ. 8 ಇಂಚಿನ ಗುಂಡು ಹಾರಿಸಿದರೆ ಬಾರ್ಜಿನ ಎರಡೂ ಬದಿಗೆ 560 ಅಡಿ ಬಿಡಬೇಕು. ಎರಡೂ ಸೇರಿದರೆ ಸುಮಾರು 340 ಮೀಟರ್. ಅಷ್ಟು ಅಗಲ ಇಲ್ಲದ ನದಿಯಲ್ಲಿ ಒಂದು ತೆಪ್ಪ ಹೋಗಲೂ ಜಾಗ ಉಳಿಯುವುದಿಲ್ಲ. ಸಮುದ್ರದಲ್ಲಾದರೆ ಸುತ್ತಿ ಹೋಗಬಹುದು. ನದಿಯಲ್ಲಿ ಸುತ್ತು ಹಾದಿ ಎಲ್ಲಿಂದ ಬರಬೇಕು?

ಈ ದೂರ ಸುಮ್ನೆ ಇಟ್ಟದ್ದಾ ಅಂತ ಅನುಮಾನ ಇರುವವರಿಗೆ 2012ರ ಜುಲೈ 4ರ, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದ, ಸ್ಯಾನ್ ಡಿಯಾಗೊ ಸಾಕು. ಅಲ್ಲಿನ ಕೊಲ್ಲಿಯಲ್ಲಿ ಬಾರ್ಜ್‌ಗಳ ಮೇಲೆ ಕಾಲು ಗಂಟೆಗೂ ಮೀರಿದ ಪ್ರದರ್ಶನಕ್ಕೆ ಮದ್ದು ಜೋಡಿಸಿದ್ದರು. ಕಂಪ್ಯೂಟರ್ ಎಡವಟ್ಟಾಗಿ ಅಷ್ಟೂ ಮದ್ದು ಹೆಚ್ಚುಕಡಿಮೆ ಹದಿನೈದೇ ಸೆಕೆಂಡಿನಲ್ಲಿ ಸಿಡಿದುಹೋಯಿತು. ಬಾರ್ಜ್‌ಗಳ ಮೇಲೆ ಬೆಂಕಿಯ ಗೋಡೆ. ಯಾರಿಗೂ ಏನೂ ಆಗಲಿಲ್ಲ. ನೋಡುವವರು ನೋಡುವ ದೂರದಲ್ಲಿದ್ದರು, ಅಷ್ಟೇ. ಜನ ಅದನ್ನು ನಗೆಚಾಟಿಕೆ ಮಾಡಿಕೊಂಡರು. ಪಕ್ಕದಲ್ಲೇ ದೋಣಿಗಳು ಲಂಗರು ಹಾಕಿದ್ದರೆ ಯಾರೂ ನಗುತ್ತಿರಲಿಲ್ಲ.

ಎಲ್ಲ ಕೆಟ್ಟ ರಾತ್ರಿಗಳೂ ಹಾಗೆ ಅಬ್ಬರದಿಂದ ಕೆಡುವುದಿಲ್ಲ. ಸಿಡಿಯದೆ ಉಳಿದ ಗುಂಡು ನೀರಿಗೆ ಬೀಳುತ್ತದೆ. ಕೆಂಡ ಗಾಳಿಗೆ ತೇಲಿ ಬರುತ್ತದೆ. ಪೆಟ್ರೋಲ್ ಬೋಟುಗಳ ತಳದಲ್ಲಿ ಇಂಧನದ ಆವಿ ಕೂತಿರಬಹುದು. ಅದು ಗಾಳಿಗಿಂತ ಭಾರ, ತಾನಾಗಿ ಹೊರಗೆ ಹೋಗುವುದಿಲ್ಲ. ಇದಕ್ಕೆಲ್ಲ ಇರುವ ಅಗ್ಗದ ಮದ್ದು ದೂರ ನಿಲ್ಲುವುದೇ.

ಇಲ್ಲಿಯವರೆಗೆ ಯಾರಿಗೂ ತಕರಾರು ಇರಲಾರದು. ಈಗ ನನ್ನ ಮಾತು.

ಅದೇ 2012ರ ಜುಲೈ 4, ಅದೇ ರಾತ್ರಿ, ಅಮೆರಿಕದ ಇನ್ನೊಂದು ತುದಿ. ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್ ಪಕ್ಕದ ಆಯ್‌ಸ್ಟರ್ ಬೇ. ಬಾಣಬಿರುಸು ನೋಡಿ ವಾಪಸ್ ಹೊರಟ 34 ಅಡಿಯ ಬೋಟೊಂದು ಮಗುಚಿತು. ಅದರಲ್ಲಿ 27 ಜನ ಇದ್ದರು. ಮೂರು ಮಕ್ಕಳು ತೀರಿಕೊಂಡರು. ಒಂದು ಕಿಡಿಯೂ ಆ ಬೋಟಿಗೆ ತಾಗಿರಲಿಲ್ಲ. ಆಟ ಮುಗಿದಿತ್ತು.

ಅದೇ ವರ್ಷ ಅಕ್ಟೋಬರ್ 1, ಹಾಂಗ್‌ಕಾಂಗ್. ಲಾಮಾ 4 ಎಂಬ ಬೋಟು ವಿದ್ಯುತ್ ಕಂಪನಿಯೊಂದರ ನೌಕರರನ್ನೂ ಅವರ ಮನೆಯವರನ್ನೂ ವಿಕ್ಟೋರಿಯಾ ಬಂದರಿನ ಬಾಣಬಿರುಸು ತೋರಿಸಲು ಕರೆದುಕೊಂಡು ಹೊರಟಿತ್ತು. ಲಾಮಾ ದ್ವೀಪದ ಹತ್ತಿರ ಎದುರಿನಿಂದ ಬಂದ ಫೆರಿ ಡಿಕ್ಕಿ ಹೊಡೆಯಿತು. ಮಕ್ಕಳೂ ಸೇರಿ 39 ಜನ ಸತ್ತರು. ಬೋಟಿನಲ್ಲಿ ಇರಬೇಕಾಗಿದ್ದ ನೀರು ತಡೆಯುವ ಬಾಗಿಲೊಂದು ಇರಲೇ ಇಲ್ಲ ಅನ್ನುವುದು ಆಮೇಲಿನ ವಿಚಾರಣೆಯಲ್ಲಿ ಹೊರಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ನೆನಪಾದ ಹಾಗೆ. ಇಲ್ಲೂ ಮದ್ದಿನ ಕೈವಾಡ ಏನೂ ಇಲ್ಲ.

ಒಂದು ದುರಂತ ಹೋಗುವಾಗ, ಇನ್ನೊಂದು ಬರುವಾಗ. ನಾವು ಅಷ್ಟು ಜೋಪಾನವಾಗಿ ಕಾಯುವ ವೃತ್ತದ ಒಳಗೆ ಎರಡೂ ಆಗಲಿಲ್ಲ.

ನೀವು ಹೇಳಬಹುದು, ಇವೆಲ್ಲ ಸಮುದ್ರದ ಕತೆ ಅಂತ. ಸರಿ. ಆದರೆ ನದಿಯಲ್ಲಿ ಇದೇ ಸಂಗತಿ ಇನ್ನೂ ಬಿಗಿಯಾಗುತ್ತದೆ. ನೀರು ಸುಮ್ಮನೆ ನಿಂತಿರುವುದಿಲ್ಲ. ಎಂಜಿನ್ ಆಫ್ ಮಾಡಿ ಆಕಾಶ ನೋಡುತ್ತಾ ಕೂತ ದೋಣಿ ತನಗೆ ಗೊತ್ತಿಲ್ಲದೆ ಸೆಳವಿನ ಜೊತೆ ಕೆಳಗೆ ಜಾರುತ್ತಿರುತ್ತದೆ. ಎದುರಿಗೆ ಸೇತುವೆಯ ಕಂಬ ಇರಬಹುದು. ಲಂಗರು ಹಾಕಿದ ಇನ್ನೊಂದು ದೋಣಿಯ ಹಗ್ಗ ಇರಬಹುದು. ಮೇಲಿನಿಂದ ಸರಕಿನ ಹಡಗು ಬಂದರೆ ಅದು ಥಟ್ಟನೆ ನಿಲ್ಲುವುದಿಲ್ಲ. ಮಿಸಿಸಿಪ್ಪಿಯಲ್ಲಿ 15 ಬಾರ್ಜ್‌ಗಳನ್ನು ಒಟ್ಟಿಗೆ ಕಟ್ಟಿ ಹಿಂದಿನಿಂದ ತಳ್ಳಿಕೊಂಡು ಹೋಗುವುದು ಮಾಮೂಲು. ಅದರ ಉದ್ದ ಸಾವಿರ ಅಡಿಗೆ ಕಡಿಮೆ ಇಲ್ಲ, ಹೊರುವ ಸರಕು 22,000 ಟನ್ ದಾಟುತ್ತದೆ. ಅದರ ಮೂತಿಯ ಮುಂದೆ ಒಂದು ಚಿಕ್ಕ ಮೋಟಾರು ದೋಣಿ ಕೆಟ್ಟು ನಿಂತರೆ ಚಾಲಕನ ಕಣ್ಣಿಗೂ ಬೀಳಲಿಕ್ಕಿಲ್ಲ. ಬಾಣಬಿರುಸು ಇಲ್ಲದ ರಾತ್ರಿಗಳಲ್ಲೇ ಇಂಥದ್ದು ಆಗಿದೆ. 1989ರ ಆಗಸ್ಟ್ 20ರಂದು ಲಂಡನ್ನಿನ ಥೇಮ್ಸ್ ನದಿಯಲ್ಲಿ ಪಾರ್ಟಿಗೆ ಹೊರಟ ಮಾರ್ಷಿಯೊನೆಸ್ ಎಂಬ ಬೋಟಿಗೆ ಬೋಬೆಲ್ ಎಂಬ ಡ್ರೆಜರ್ (ನೀರಿನ ತಳದಿಂದ ಮರಳೆತ್ತುವ ಹಡಗು) ಹಿಂದಿನಿಂದ ಬಂದು ಗುದ್ದಿ 51 ಜನ ಸತ್ತರು. ಎರಡರಿಂದಲೂ ಸುತ್ತಲಿನದು ಸರಿಯಾಗಿ ಕಾಣುತ್ತಿರಲಿಲ್ಲ, ನೋಡಬೇಕಾದವರು ಸರಿಯಾಗಿ ನೋಡುತ್ತಲೂ ಇರಲಿಲ್ಲ.

ಕಾಣುವ ಮಾತು ಬಂತು ನೋಡಿ, ನನಗೆ ಜಾಸ್ತಿ ಚಿಂತೆ ಅದರದ್ದೇ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಜೋರು ಬೆಳಕು ಬಿದ್ದರೆ ಆ ಹೊಂದಿಕೆ ಕಳೆದುಹೋಗುತ್ತದೆ. ಪೂರ್ತಿ ವಾಪಸ್ ಬರಲು 20ರಿಂದ 30 ನಿಮಿಷ ಬೇಕು. ಈಗ ಯೋಚಿಸಿ. ಕೊನೆಯಲ್ಲಿ ಇಡೀ ಆಕಾಶ ಬೆಳ್ಳಗಾಗುವ ಹಾಗೆ ಸಿಡಿಸುತ್ತಾರೆ. ಅದು ಆರಿದ ಕೂಡಲೇ ನೂರಾರು ದೋಣಿಗಳ ಎಂಜಿನ್ ಒಟ್ಟಿಗೆ ಶುರು. ನೀರಿನ ಮೇಲೆ ಹೊಗೆ. ದೋಣಿಯ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ ಇರುತ್ತದೆ, ಎದುರಿನವನು ಯಾವ ಕಡೆ ಹೊರಟಿದ್ದಾನೆ ಅಂತ ತಿಳಿಯುವುದು ಅದರಿಂದಲೇ. ಆ ಪುಟ್ಟ ದೀಪಗಳು ದಡದ ಸಾವಿರ ದೀಪಗಳ ನಡುವೆ ಕಳೆದುಹೋಗಿರುತ್ತವೆ. ಕೆಲವರು ಒಂದೆರಡು ಪೆಗ್ ಹಾಕಿಯೂ ಇರುತ್ತಾರೆ. ಇಷ್ಟು ಹೊತ್ತು ಕಾದು ಕೂತ ಸರಕಿನವರಿಗೂ ಅದೇ ಗಳಿಗೆಯಲ್ಲಿ ಹೊರಡುವ ಅವಸರ. ನದಿ ಕಾಯುವವರು ‘ಮುಗೀತು, ಹೋಗಿ’ ಅನ್ನುವುದು ಸರಿಯಾಗಿ ಆಗಲೇ!

ಹಾಗಾಗಿ ನಾನು ಹೇಳುವುದು ಇಷ್ಟು: ಜಾಗದಲ್ಲಿ ಜಿಪುಣರಾಗಿ, ಸಮಯದಲ್ಲಿ ಧಾರಾಳವಾಗಿ.

ಜಾಗದ್ದು ಸುಲಭ. ಕಿರಿದಾದ ನದಿಯಲ್ಲಿ 8, 10 ಇಂಚಿನ ಗುಂಡು ಯಾಕೆ? 3 ಇಂಚಿನದಾದರೆ ಎರಡೂ ಬದಿ ಸೇರಿ 420 ಅಡಿ ಸಾಕು. ಎತ್ತರ ಕಡಿಮೆ, ನಿಜ. ಆದರೆ ದಡದಲ್ಲಿ ನಿಂತವರಿಗೆ ಹತ್ತಿರದಲ್ಲೇ ಕಾಣುತ್ತದೆ. ಆಯೋಜಕರಿಗೆ ಮಾತ್ರ ಇದು ಹಿಡಿಸುವುದಿಲ್ಲ, ಯಾಕಂದರೆ ಪೋಸ್ಟರಿನಲ್ಲಿ ಹಾಕಿಕೊಳ್ಳಲು ದೊಡ್ಡದೇ ಬೇಕು.

ಸಮಯದ್ದು ಕಷ್ಟ. ಇಲ್ಲಿ ಅಮೆರಿಕದ ಪದ್ಧತಿಯಲ್ಲಿ ಒಂದು ಒಳ್ಳೆಯದು, ಒಂದು ನಗು ಬರಿಸುವಂಥದ್ದು. ಅಲ್ಲಿ ಕೋಸ್ಟ್ ಗಾರ್ಡ್‌ನ ‘ಕ್ಯಾಪ್ಟನ್ ಆಫ್ ದಿ ಪೋರ್ಟ್’ ಎಂಬ ಅಧಿಕಾರಿಗೆ ನೀರಿನ ಒಂದು ಭಾಗವನ್ನು ಇಂತಿಷ್ಟು ಹೊತ್ತು ಸುರಕ್ಷತಾ ವಲಯ ಅಂತ ಸಾರುವ ಅಧಿಕಾರ ಇದೆ. ಅನುಮತಿ ಇಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ. ನಿಜವಾಗಿ ಹೋಗಲೇಬೇಕಾದವರು ರೇಡಿಯೊದಲ್ಲಿ, ಸಾಮಾನ್ಯವಾಗಿ ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ, ಕೇಳಿಕೊಳ್ಳಬಹುದು. ಕಾಯುವವರಿಗೆ ಕೇಳುವ ಬಾಗಿಲಾದರೂ ಇದೆ ಅನ್ನುವುದು ನನಗೆ ಇಷ್ಟ. ಇನ್ನು ನಗುವಿನದು. ಇಂಥ ಆದೇಶಕ್ಕೆ ಮೊದಲು ಜನರ ಅಭಿಪ್ರಾಯ ಕೇಳಬೇಕು ಅನ್ನುವುದು ಅಲ್ಲಿನ ನಿಯಮ. ಆದರೆ ಆಯೋಜಕರು ವಿವರ ಕೊಟ್ಟಿದ್ದು ತಡವಾಯಿತು, ಕೇಳಲು ಸಮಯ ಇರಲಿಲ್ಲ ಅಂತ ಕಾರಣ ಬರೆದು ಅದನ್ನು ದಾಟಿಬಿಡುವುದು ಎಷ್ಟೋ ಸಲ ನಡೆಯುತ್ತದೆ. ಜುಲೈ 4 ಪ್ರತಿ ವರ್ಷ ಜುಲೈ 4ಕ್ಕೇ ಬರುತ್ತದೆ ಅಲ್ವಾ? ಎಷ್ಟೋ ವಾರ್ಷಿಕ ಪ್ರದರ್ಶನಗಳನ್ನು ಕಾಯಂ ಪಟ್ಟಿಗೆ ಸೇರಿಸಿಟ್ಟಿದ್ದಾರೆ, ಅದು ಸರಿಯಾದ ದಾರಿ. ತಿಂಗಳುಗಳ ಮೊದಲೇ ಗೊತ್ತಿದ್ದರೆ ಸರಕಿನವರು ತಮ್ಮ ಹೊತ್ತು ಹೊಂದಿಸಿಕೊಳ್ಳುತ್ತಾರೆ. ಅವರ ಸಿಟ್ಟು ಕಾಯುವುದಕ್ಕಿಂತ ಜಾಸ್ತಿ, ಕೊನೆ ಗಳಿಗೆಯಲ್ಲಿ ಗೊತ್ತಾಗುವುದರ ಮೇಲೆ.

ಇದಕ್ಕೆ ಎರಡು ವಿಷಯ ಸೇರಿಸಿದರೆ ಸಾಕು. ಒಂದು, ಪ್ರದರ್ಶನ ಮುಗಿದು, ಬಾರ್ಜ್‌ನವರು ಸಿಡಿಯದ ಗುಂಡು ಉಳಿದಿದೆಯಾ ಅಂತ ನೋಡಿ ಆದ ಮೇಲೂ ಅರ್ಧ ಗಂಟೆ ಸರಕಿನ ಸಂಚಾರ ಬೇಡ. ಎರಡು, ನೋಡಲು ಬಂದ ದೋಣಿಗಳನ್ನು ತಂಡ ತಂಡವಾಗಿ ಬಿಡಿ, ಎಲ್ಲಕ್ಕೂ ನಿಧಾನದ ಮಿತಿ ಹಾಕಿ. ಹೊರಡುವ ಮೊದಲೇ ತಲೆ ಎಣಿಸಿ, ಬೋಟಿನ ಅಳತೆಗೆ ಮೀರಿ ಜನ ಇದ್ದರೆ ಅಲ್ಲೇ ಇಳಿಸಿ. ಇಷ್ಟಕ್ಕೆ ಬೇಕಾದ ಗಸ್ತು ದೋಣಿಗಳ ಖರ್ಚು ಯಾರು ಕೊಡಬೇಕು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಸೀದಾ ಇದೆ: ಮದ್ದಿಗೆ ದುಡ್ಡು ಕೊಟ್ಟವರೇ.

ಒಂದು ವಿಷಯದಲ್ಲಿ ಮಾತ್ರ ನನಗೆ ಖಚಿತ ಇಲ್ಲ. ಮೊದಲು ಚಿಕ್ಕ ದೋಣಿಗಳನ್ನು ಬಿಡಬೇಕಾ, ದೊಡ್ಡವನ್ನಾ? ಚಿಕ್ಕವು ಮೊದಲು ಹೋದರೆ ದೊಡ್ಡ ಬೋಟುಗಳು ಎಬ್ಬಿಸುವ ಅಲೆಗೆ ಸಿಗುವುದಿಲ್ಲ. ಆದರೆ ಅವೇ ದಾರಿಯಲ್ಲಿ ಕೆಟ್ಟು ನಿಂತರೆ ಹಿಂದಿನಿಂದ ದೊಡ್ಡವು ಬರುತ್ತಿರುತ್ತವೆ. ನದಿಯಲ್ಲಿ ದೋಣಿ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ, ಕತ್ತಲಲ್ಲಿ ನಿಮಗೆ ಯಾವುದು ವಾಸಿ?